ಕತ್ತರಿ, ಕೊಡಲಿ, ಕಡಿವಾಣ: ವೆಚ್ಚ ಕಡಿತದ ಇಂಗ್ಲಿಷ್ ಕಲಿಸಿದ ನನ್ನ ಅನುಭವ

ಬೆಂಗಳೂರಿನ ಕಂಪನಿ ಉದ್ಯೋಗಿಗಳಿಗೆ ವ್ಯವಹಾರದ ಇಂಗ್ಲಿಷ್ ಕಲಿಸುವ ನನ್ನನ್ನು ಅತಿ ಹೆಚ್ಚು ಸತಾಯಿಸಿದ ಪಾಠವೆಂದರೆ ವೆಚ್ಚ ಕಡಿತದ ಪದಜೋಡಿಗಳದ್ದು. ಮೊದಲ ಸಲ ‘ಕಟ್ ಕಾಸ್ಟ್ಸ್’, ‘ಟ್ರಿಮ್ ದ ಬಜೆಟ್’ ಮುಂತಾದ ಅರವತ್ತು ಜೋಡಿಗಳನ್ನು ಪಟ್ಟಿ ಮಾಡಿ, ಸುಮಾರು ನಾಲ್ಕು ಸಾವಿರ ರೂಪಾಯಿ ಸುರಿದು ಪುಸ್ತಿಕೆ ಅಚ್ಚು ಹಾಕಿಸಿದೆ. ಎಲ್ಲರೂ ಬಾಯಿಪಾಠ ಮಾಡಿದರು. ಮರುವಾರವೇ ಅವರಲ್ಲೊಬ್ಬರು, ಈ ತ್ರೈಮಾಸಿಕದಲ್ಲಿ ಹಣ ಉಳಿಸಿದ್ದೇವೆ ಎಂಬ ಅರ್ಥದಲ್ಲಿ, ವಿದೇಶದ ಗ್ರಾಹಕರಿಗೆ ‘ವಿ ಹ್ಯಾವ್ ಕಟ್ ಕಾರ್ನರ್ಸ್’ ಎಂದು ಬರೆದರು. ಕೆಲಸದ ಗುಣಮಟ್ಟದಲ್ಲಿ ಕಳ್ಳಾಟವಾಡಿದ್ದೇವೆ ಎಂದು ತಾವಾಗಿಯೇ ಒಪ್ಪಿಕೊಂಡಂತಾಯಿತು. ಆ ತಂಡದ ಎರಡನೆಯ ಕಂತು, ಹೆಚ್ಚುಕಡಿಮೆ ಹದಿನೆಂಟು ಸಾವಿರ, ನನ್ನ ಕೈಗೆ ಬರಲೇ ಇಲ್ಲ. ಉಳಿದ ಪುಸ್ತಿಕೆಗಳು ಇಂದಿಗೂ ಅಟ್ಟದ ಮೇಲಿವೆ.

ಆಮೇಲೆ ಪಟ್ಟಿಯನ್ನು ಬಿಟ್ಟು, ಪ್ರತಿ ಕ್ರಿಯಾಪದದ ಹಿಂದಿರುವ ಆಯುಧವನ್ನು ಕನ್ನಡದಲ್ಲೇ ತೋರಿಸತೊಡಗಿದೆ. ಕನ್ನಡ ತಂದರೆ ಇಂಗ್ಲಿಷ್ ಕೆಡುತ್ತದೆ ಎಂದು ಸಹೋದ್ಯೋಗಿಗಳು ಮೂಗು ಮುರಿದರು. ಆದರೆ ‘ಕರ್ಬ್’ ಎಂಬುದು ಕುದುರೆಯ ದವಡೆಯಡಿ ಬಿಗಿಯುವ ಪಟ್ಟಿ, ನಾವು ಖರ್ಚಿಗೆ ಹಾಕುವ ಕಡಿವಾಣವೂ ಕುದುರೆಯದೇ ಎಂದು ತಿಳಿದ ಮೇಲೆ ‘ಕರ್ಬ್ ಸ್ಪೆಂಡಿಂಗ್’ ಅನ್ನು ಯಾರೂ ಮರೆಯಲಿಲ್ಲ. ‘ಟ್ರಿಮ್’ ಎಂದರೆ ಬೇಲಿ ಸವರಿದಂತೆ, ‘ಸ್ಲ್ಯಾಶ್’ ಎಂದರೆ ಮಚ್ಚು ಬೀಸಿದಂತೆ. ಆದ್ದರಿಂದ ಶೇ 2ರ ಕಡಿತಕ್ಕೆ ‘ಸ್ಲ್ಯಾಶ್’ ಹೊಂದದು. ‘ಆ್ಯಕ್ಸ್’ ಬುಡಕ್ಕೇ ಬೀಳುವ ಕೊಡಲಿಯಾದ್ದರಿಂದ ಅದು ಹುದ್ದೆಗಳಿಗೆ, ಯೋಜನೆಗಳಿಗೆ ಮೀಸಲು. 1922ರಲ್ಲಿ, ಸರ್ಕಾರಿ ಖರ್ಚು ತಗ್ಗಿಸುವ ದಾರಿ ಹುಡುಕಲು ನೇಮಕವಾಗಿದ್ದ ಎರಿಕ್ ಗೆಡ್ಡೆಸ್ ಸಮಿತಿಯ ಶಿಫಾರಸಿನಂತೆ ಬ್ರಿಟನ್ ಮಾಡಿದ ಕಡಿತಕ್ಕೆ ‘ಗೆಡ್ಡೆಸ್ ಆ್ಯಕ್ಸ್’ ಎಂಬ ಹೆಸರೇ ಉಳಿಯಿತು ಎಂದಾಗ, ಗೆಡ್ಡೆಗೆ ಕೊಡಲಿ ಏಕೆ ಸರ್ ಎಂದು ತರಗತಿಯೇ ನಕ್ಕಿತು. ನಕ್ಕಿದ್ದರಿಂದಲೇ ಅದು ನೆನಪಿನಲ್ಲಿ ನಿಂತಿತು. ‘ಟೈಟನ್ ಅವರ್ ಬೆಲ್ಟ್ಸ್’ಗೆ ಹೊಟ್ಟೆಬಟ್ಟೆ ಕಟ್ಟುವುದು ಎಂದರೆ ಸಾಕಿತ್ತು.

ನನಗೆ ಹೆಮ್ಮೆಯಿರುವುದು ‘ಬೈ’ ಮತ್ತು ‘ಟು’ಗಳ ವಿಷಯದಲ್ಲಿ. ‘ರೆಡ್ಯೂಸ್ಡ್ ಬೈ 10 ಪರ್ಸೆಂಟ್’ ಎಂದರೆ ಶೇ 10ರಷ್ಟು ಇಳಿಸಿದ್ದು. ‘ಟು’ ಎಂದರೆ ಶೇ 10ಕ್ಕೆ ಇಳಿಸಿದ್ದು. ಮೂರು ತಿಂಗಳು ರೇಖಾಚಿತ್ರ ಬಿಡಿಸಿ ಸೋತಿದ್ದ ನನಗೆ, ‘ಅಷ್ಟು’ ಮತ್ತು ‘ಕ್ಕೆ’ ಎಂಬ ಎರಡೇ ಪ್ರತ್ಯಯಗಳು ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿಕೊಟ್ಟವು.

ನಡುವೆ ಒಂದು ವಾರ ಕನ್ನಡ ಪತ್ರಿಕೆಗಳ ಬಜೆಟ್ ಸುದ್ದಿಗಳನ್ನು ಅನುವಾದಿಸಲು ಕೊಟ್ಟು ನೋಡಿದೆ. ಸಣ್ಣ ಕಡಿತಕ್ಕೂ ದೊಡ್ಡದಕ್ಕೂ ಅಲ್ಲಿ ಕತ್ತರಿಯೇ ಆದ್ದರಿಂದ ಉತ್ತರಗಳೆಲ್ಲ ‘ಕಟ್’ ಆದವು. ಆ ಪ್ರಯೋಗವನ್ನು ಅಲ್ಲಿಗೇ ಕೈಬಿಟ್ಟೆ.

ಕಳೆದ ತಂಡದ ಹದಿನಾಲ್ಕು ಮಂದಿಯಲ್ಲಿ ಹನ್ನೊಂದೋ ಹನ್ನೆರಡೋ ಜನ ತಪ್ಪಿಲ್ಲದ ಪತ್ರ ಬರೆದರು. ಪುಸ್ತಿಕೆಯ ಕಾಲದಲ್ಲಿ ಆ ಸಂಖ್ಯೆ ನಾಲ್ಕು ದಾಟುತ್ತಿರಲಿಲ್ಲ. ಮೂಗು ಮುರಿದವರಲ್ಲೊಬ್ಬರು ಮೊನ್ನೆ ಬಂದು ಆಯುಧಗಳ ಚಿತ್ರಪಟಗಳನ್ನು ಕೇಳಿ ಒಯ್ದರು. ಇಂತಿಂಥ ಖರ್ಚು ಕಡಿಮೆ ಮಾಡಿ ಎನ್ನುವಾಗ ‘ಕಟ್ ಬ್ಯಾಕ್’ ಬಳಿಕ ಬರಬೇಕಾದ ‘ಆನ್’ ಬಿಟ್ಟುಹೋಗದಂತೆ ಮಾಡುವ ಉಪಾಯವನ್ನೂ ಕೇಳಿದರು. ಅದನ್ನು ಅವರಿಗೂ ಹೇಳಲಿಲ್ಲ.