ಕುರಿ ಉಗುಳಿದ ಬೀಜದಿಂದ ಹುಲ್ಲಿನ ಬೀಳಿನಲ್ಲಿ ಮರ: ನನ್ನ ಅನುಭವ

ಚಳ್ಳಕೆರೆ ಕಡೆ ನಮ್ಮದು ನಾಲ್ಕೂವರೆ ಎಕರೆ ಹುಲ್ಲಿನ ಬೀಳು, 60 ಚಿಲ್ಲರೆ ಕುರಿ. ಅಲ್ಲಿ ಮರ ಬೆಳೆಸುತ್ತೇನೆ ಅಂದಾಗ ದೊಡ್ಡಪ್ಪ ಎಲ್ಲರ ಎದುರೇ "ಮರದ ಬುಡದಾಗೆ ಹುಲ್ಲು ಬರಲ್ಲ ಕಣಲೇ, ಇರೋ ಮೇವೂ ಕಳ್ಕೊಂತೀಯ" ಅಂದಿದ್ದರು. ಮೊದಲೆರಡು ವರ್ಷ ಅವರ ಮಾತೇ ಗೆದ್ದಿತು ಅನ್ನಿ.

2016ರಲ್ಲಿ 300 ಹೆಬ್ಬೇವು ಸಸಿ ತಂದು ನೆಟ್ಟೆ. ಸಸಿ, ಜೆಸಿಬಿ ಗುಂಡಿ, ಟ್ಯಾಂಕರ್ ನೀರು ಎಲ್ಲ ಸೇರಿ 40 ಸಾವಿರದ ಹತ್ತಿರ ಹೋಯಿತು. ಅರ್ಧ ಬರಕ್ಕೆ ಒಣಗಿದವು, ಉಳಿದವನ್ನು ಬಹುತೇಕ ನಮ್ಮ ಕುರಿಗಳೇ ತಿಂದವು. ಹೇಗೋ ಮೇಲೆದ್ದ ಹತ್ತೆಂಟು ಗಿಡ ಆಷಾಢದ ಗಾಳಿಗೆ ಮುರಿದವು. ಬದುಕಿದ ಗಿಡಕ್ಕೆ ಸರ್ಕಾರ ಪ್ರೋತ್ಸಾಹಧನ ಕೊಡುತ್ತೆ ಸರಿ, ಬದುಕಬೇಕಲ್ಲ! ಮರುವರ್ಷ ಹೊಂಗೆ. ಅದಕ್ಕೆ ಇನ್ನೊಂದು 15 ಸಾವಿರ.

ಕೊನೆಗೆ ದಾರಿ ಸಿಕ್ಕಿದ್ದು ರಾತ್ರಿ ಕುರಿ ಕೂಡುವ ರೊಪ್ಪದಲ್ಲಿ. ಬೇಸಿಗೆಯಲ್ಲಿ ಕುರಿ ಕರಿಜಾಲಿ ಕಾಯಿ ತಿಂದು ರಾತ್ರಿ ಮೆಲುಕು ಹಾಕುವಾಗ ಬೀಜ ಉಗುಳುತ್ತವಲ್ಲ, ಬೆಳಿಗ್ಗೆ ಗುಡಿಸಿದರೆ ಬೊಗಸೆಗಟ್ಟಲೆ ಸಿಗುತ್ತೆ. ಮರದಿಂದ ಕಿತ್ತ ಬೀಜ ನೂರಕ್ಕೆ 20 ಕೂಡ ಹುಟ್ಟಿರಲಿಲ್ಲ, ಸಿಪ್ಪೆ ಅಷ್ಟು ಗಟ್ಟಿ. ರೊಪ್ಪದ್ದು 60ರ ಮೇಲೆ. 2018ರಲ್ಲಿ ಹುಬ್ಬೆ ಮಳೆಗೆ ಕಾದು ಊರಿದೆ. ಜೂನ್‌ನಲ್ಲಿ ಊರಿದರೆ ಒಣಗಾಳಿಗೇ ಮೊಳಕೆ ಹೋಗುತ್ತೆ, ನಮ್ಮ ಕಡೆ ನಂಬೋ ಮಳೆ ಸೆಪ್ಟೆಂಬರ್, ಅಕ್ಟೋಬರ್‌ದೇ. ಐದಾರು ಮಾರಿಗೊಂದು ಗುಣಿ, ಗುಣಿಗೆ 4 ಬೀಜ, ಕುರಿ ಬಾಯಿ ಹಾಕದಂತೆ ಮೇಲೆ ಬಳ್ಳಾರಿ ಜಾಲಿ ಮುಳ್ಳು. ಕಾಯಿ ಇಲ್ಲದ ಕೊಂಬೆಯನ್ನೇ ತನ್ನಿ, ಇಲ್ಲದಿದ್ದರೆ ಎರಡು ವರ್ಷಕ್ಕೆ ಬಳ್ಳಾರಿ ಜಾಲಿಯದೇ ಕಾಡು. ಹಿಂದಿನ ರಾತ್ರಿ ಬೀಜಕ್ಕೆ ಏನು ಮಾಡುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ. ಖರ್ಚು ಕೂಲಿ ಅಷ್ಟೇ, ಸುಮಾರು 6 ಸಾವಿರ. ಸುಮ್ನೆ ಒಂದಷ್ಟು ಬೀಜ ಸಗಣಿ ಉಂಡೆಯಲ್ಲಿಟ್ಟೂ ನೋಡಿದೆ, ಉಂಡೆಗೆಲ್ಲ ಗೆದ್ದಲು ಹತ್ತಿತು.

ಇದು ಉಪಯೋಗಕ್ಕೆ ಬಂದಿದ್ದು 2023ರಲ್ಲಿ. ಹಿಂದಿನ ವರ್ಷ ತಾನೇ ವಾಣಿ ವಿಲಾಸ ಸಾಗರ ಡ್ಯಾಂ 1933ರ ನಂತರ ಮೊದಲ ಸಲ ಕೋಡಿ ಬಿದ್ದಿತ್ತು, 2023ರಲ್ಲಿ ನೋಡಿದರೆ ಬರ. ಬಯಲಿನ ಹುಲ್ಲು ದೀಪಾವಳಿಗೆ ಮುಂಚೆಯೇ ಬೂದಿ ಬಣ್ಣಕ್ಕೆ ತಿರುಗಿತು. ನಮ್ಮ ಕರಿಜಾಲಿ ಕೆಳಗೆ ಸಂಕ್ರಾಂತಿವರೆಗೂ ಹುಲ್ಲಿನ ಬುಡ ಹಸಿರಾಗಿತ್ತು, ಬೆರಳು ಹಾಕಿದರೆ ಮಣ್ಣು ತಣ್ಣಗೆ ತಾಗುತ್ತಿತ್ತು. ಏಪ್ರಿಲ್‌ನಲ್ಲಿ ಥರ್ಮಾಮೀಟರ್ ನೆಲಕ್ಕೇ ಇಟ್ಟು ನೋಡಿದೆ: ಬಯಲಲ್ಲಿ 55 ಡಿಗ್ರಿ ದಾಟಿತು, ನೆರಳಲ್ಲಿ 38ರ ಆಸುಪಾಸು. ಪ್ರತಿ ಬೇಸಿಗೆಗೆ ಏಳೆಂಟು ಮರಿ ಸಾಯುತ್ತಿದ್ದವು, ಆ ಸಲ ಎರಡು. ಶೇಂಗಾ ಹೊಟ್ಟು ಮೂರು ಲೋಡ್ ಬೇಕಾಗುತ್ತಿದ್ದ ಕಡೆ ಒಂದರಲ್ಲಿ ಮುಗಿಯಿತು, 25 ಸಾವಿರವಾದರೂ ಉಳಿದಿರಬೇಕು.

ದೊಡ್ಡಪ್ಪನ ಮಾತು ಪೂರ್ತಿ ಸುಳ್ಳಲ್ಲ, ಬುಡದಿಂದ ಎರಡಡಿ ಹುಲ್ಲು ತೆಳುವೇ. ಕೆಳಗಿನ ಕೊಂಬೆ ಸವರಿ ಕುರಿಗೇ ಹಾಕುತ್ತೇನೆ, ಬಿಸಿಲು ಇಳಿಯುತ್ತೆ.

ಈಗ ಕಮರ ಅನ್ನೋ ಕಾಡುಮರದ ಬೀಜ ಊರಿದ್ದೇನೆ. ಪ್ಯಾಕೆಟ್‌ನಲ್ಲಿ ಬೆಳೆಸಿದರೆ ತಾಯಿಬೇರು ತಳದಲ್ಲಿ ಸುತ್ತಿಕೊಳ್ಳುತ್ತೆ, ಅದಕ್ಕೇ ನೇರ ನೆಲಕ್ಕೆ. 40ರಲ್ಲಿ 9 ಎದ್ದಿವೆ. ಒಂದರ ತುದಿ ನಿನ್ನೆ ಯಾವುದೋ ಮೊಲ ಕಡಿದಿದೆ, ಇವತ್ತು ಮುಳ್ಳು ಜಾಸ್ತಿ ಹಾಕಿ ಬಂದೆ.