ಅರಿವು ಕೇಂದ್ರಕ್ಕೆ ಮಗುವಿನ ಜೊತೆ ಅಜ್ಜಿಯೂ ಹೋಗಲಿ

ಗ್ರಾಮ ಪಂಚಾಯತಿಯ ಅರಿವು ಕೇಂದ್ರ, ಅಂದರೆ ನಮ್ಮ ಹಳೇ ಲೈಬ್ರರಿಯೇ ಅಲ್ವಾ, ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದವರಿಗೆ ಈ ಅನುಕೂಲ ಸಿಕ್ಕಿತು. ಆದರೆ ಕಾರ್ಡ್ ಮಾಡಿಸಿ ಸುಮ್ನೆ ಬಿಟ್ಟರೆ ಸಾಲದು. ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕಳಿಸಿ. ನಮ್ಮ ಅಮ್ಮನಿಗೆ ಸಣ್ಣ ಅಕ್ಷರ ಕಾಣುವುದಿಲ್ಲ, ಹಾಗಾಗಿ ಮಗಳು ಸಾಲಿನ ಕೆಳಗೆ ಬೆರಳಿಟ್ಟು ಜೋರಾಗಿ ಓದುತ್ತಾಳೆ, ಅವಳು ತಡವರಿಸಿದ ಕಡೆ ಅಮ್ಮ ಅಂದಾಜಿನಲ್ಲೇ ಪದ ಹೇಳಿಕೊಡುತ್ತಾರೆ, ಒಂದು ಪುಟಕ್ಕೆ ಕಾಲು ಗಂಟೆ ಹಿಡಿದರೂ ಇಬ್ಬರಿಗೂ ಬೇಜಾರಿಲ್ಲ. ಪುಸ್ತಕ ಮಗುವೇ ಆರಿಸಲಿ. ಚಿತ್ರವೇ ಜಾಸ್ತಿ ಇದ್ದರೂ ಪರವಾಗಿಲ್ಲ, ಅರ್ಧಕ್ಕೆ ಬಿಟ್ಟರೆ ಬೈಯಬೇಡಿ. ಬೇಕಾದ ಪುಸ್ತಕ ಅಲ್ಲಿಲ್ಲದಿದ್ದರೆ ಮೇಲ್ವಿಚಾರಕರಿಗೆ ಹೆಸರು ಬರೆದುಕೊಟ್ಟು, ಮುಂದಿನ ಸಲ ತರಿಸಲು ಕೇಳಿ.