ಜಗಲಿಯಿಂದ ಎದೆಗೆ: ಇಷ್ಟಲಿಂಗದ ನಿತ್ಯಾಭ್ಯಾಸ ಹೇಗೆ?

ಮನಸ್ಸಿಗೆ ಕಸಿವಿಸಿಯಾದಾಗ ಹುಣ್ಣಿಮೆಗೆ ಹುಲಿಗಿಯ ಹುಲಿಗೆಮ್ಮನ ಗುಡಿಗೆ ಹೋಗುವುದು, ಅಂಜನಾದ್ರಿ ಬೆಟ್ಟದ 575 ಮೆಟ್ಟಿಲು ಹತ್ತುವುದು, ಕೊಪ್ಪಳದ ಗವಿಮಠದಲ್ಲಿ ಒಂದು ತಾಸು ಕುಳಿತು ಬರುವುದು ನಮ್ಮ ಕಡೆಯ ರೂಢಿ. ಹೋಗಬಾರದು ಅಂತಲ್ಲ. ಆದರೆ ಬಸ್ಸಿಳಿದು ಮನೆ ಬಾಗಿಲು ತೆಗೆಯುವಷ್ಟರಲ್ಲಿ ಬಿಟ್ಟುಹೋದ ಚಿಂತೆ ಅಲ್ಲೇ ಕಾದಿರುತ್ತದೆ. 12ನೇ ಶತಮಾನದ ಶರಣರು ಹಿಡಿದ ದಾರಿ ಇದಕ್ಕಿಂತ ನೇರ: ದೇವರನ್ನು ಇಷ್ಟಲಿಂಗವಾಗಿ ಮೈಮೇಲೇ ಕಟ್ಟಿಕೋ, ಹೊಲಕ್ಕೆ, ಸಂತೆಗೆ, ಡ್ಯೂಟಿಗೆ ಎಲ್ಲಿಗೆ ಹೋದರೂ ಜೊತೆಗಿರಲಿ. ಲಿಂಗ ಕಟ್ಟಿಸಿಕೊಂಡವರಿಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಸೀಮೆಯಲ್ಲೇನೂ ಕಡಿಮೆಯಿಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಆ ಲಿಂಗ ಜಗಲಿಯ ಮೇಲಿರುತ್ತದೆ, ಮದುವೆ-ಮುಂಜಿಯ ದಿನ ಮಾತ್ರ ಕೊರಳಿಗೆ ಬರುತ್ತದೆ. ಈ ಬರಹ ಅಂಥವರಿಗೆ. ದೀಕ್ಷೆ ಇನ್ನೂ ಆಗದವರು ಅಂಗಡಿಯಲ್ಲಿ ಕೊಂಡು ಶುರು ಮಾಡಬೇಡಿ. ಹತ್ತಿರದ ಮಠದಲ್ಲಿ ಕೇಳಿ, ಗುರುವಿನ ಕೈಯಿಂದಲೇ ಪಡೆಯಿರಿ.

ಲಿಂಗ, ದಾರ, ನೀರು

ವರ್ಷಗಟ್ಟಲೆ ಕರಡಿಗೆಯಲ್ಲೇ (ಲಿಂಗ ಇಡುವ ಪುಟ್ಟ ಡಬ್ಬಿ) ಇದ್ದ ಲಿಂಗವನ್ನು ಮೊದಲು ಹಗಲು ಬೆಳಕಿನಲ್ಲಿ ಚೆನ್ನಾಗಿ ನೋಡಿ. ಒಳಗಿನ ಕಲ್ಲಿನ ಮೇಲೆ ಸಗಣಿ ಬೂದಿಗೆ ಎಣ್ಣೆಯೋ ತುಪ್ಪವೋ ಸೇರಿಸಿ ಮಾಡಿದ ಕರಿ ಲೇಪವಿರುತ್ತದೆ, ಅದನ್ನು ಕಂತಿ ಎನ್ನುತ್ತಾರೆ. ಇಡೀ ಅಭ್ಯಾಸ ನಿಂತಿರುವುದು ಈ ಲೇಪದ ಹೊಳಪಿನ ಮೇಲೆ. ಸೋಪು, ಹುಣಸೆಹಣ್ಣು, ಬಿಸಿನೀರು ಯಾವುದೂ ಇದಕ್ಕೆ ತಾಕಬಾರದು. ಬೆಳ್ಳಿ ಕರಡಿಗೆ ತಿಕ್ಕುವ ಪುಡಿಯನ್ನೇ ಲಿಂಗಕ್ಕೂ ಹಚ್ಚಿ ಮೈ ಒರಟು ಮಾಡಿಕೊಂಡವರು ಬಹಳ. ಬಿರುಕು ಬಿಟ್ಟಿದ್ದರೆ ಮನೆಯಲ್ಲಿ ಬಣ್ಣ ಬಳಿಯಬೇಡಿ, ಮಠದಲ್ಲಿ ವಿಚಾರಿಸಿ ಕಂತಿ ಮಾಡುವವರಿಗೇ ಕೊಡಿ. ಏಪ್ರಿಲ್-ಮೇ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟುಹೋಗುವುದೂ ಬೇಡ, ಲೇಪ ಮೆತ್ತಗಾಗುತ್ತದೆ.

ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಅದರಲ್ಲಿ ಅಭಿಷೇಕ ಮಾಡಿ ಹಾಗೇ ಆರಲು ಬಿಟ್ಟರೆ ಕೆಲವೇ ದಿನಗಳಲ್ಲಿ ಕರಿ ಮೈಮೇಲೆ ಬಿಳಿ ಪೊರೆ ಕೂರುತ್ತದೆ. ಕುಡಿಯಲು ತರುವ ಫಿಲ್ಟರ್ ನೀರು ಎರಡು ಚಮಚ ಸಾಕು, ಕೂಡಲೇ ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿ. ಉಜ್ಜಬೇಡಿ.

ಕರಡಿಗೆಯನ್ನು ಕೊರಳಿಗೆ ಕಟ್ಟುವ ಶಿವದಾರ ಬೆವರಿಗೆ ಕೊಳೆಯುತ್ತದೆ. ಕರಡಿಗೆಯ ತೂತಿನ ಅಂಚಿಗೆ ದಾರ ತಿಕ್ಕುವ ಜಾಗವನ್ನು ವಾರಕ್ಕೊಮ್ಮೆ ಬೆರಳಲ್ಲಿ ಮುಟ್ಟಿ ನೋಡಿ. ಅಲ್ಲಿ ನೂಲು ಉಬ್ಬಿದ್ದರೆ ಅವತ್ತೇ ಬದಲಿಸಿ. ದಾರದ ಉದ್ದ ಲಿಂಗ ಎದೆಯ ಮಟ್ಟಕ್ಕೆ ನಿಲ್ಲುವಷ್ಟಿರಲಿ, ಹೊಕ್ಕುಳವರೆಗೆ ಜೋತಾಡಬಾರದು. ಒಕ್ಕುವ ಯಂತ್ರದ ಹತ್ತಿರ, ಫ್ಯಾಕ್ಟರಿಯ ಬೆಲ್ಟಿನ ಪಕ್ಕ ಕೆಲಸ ಮಾಡುವವರು ಬನಿಯನ್ನಿನ ಒಳಗೆ ಸೇರಿಸಿಕೊಳ್ಳಲೇಬೇಕು. ಇಲ್ಲಿ ಭಕ್ತಿಗಿಂತ ಎಚ್ಚರ ಮುಖ್ಯ.

ಬೆಳಗಿನ ನೋಟ

ನಸುಕಿನಲ್ಲಿ, ಸ್ನಾನವಾದ ಮೇಲೆ, ಹೊಟ್ಟೆಗೆ ಏನೂ ಬೀಳುವ ಮೊದಲು ಕುಳಿತುಕೊಳ್ಳಿ. ಮಂಡಿ ನೋವಿದ್ದವರಿಗೆ ಕುರ್ಚಿ ಆದೀತು, ಬೆನ್ನು ನೆಟ್ಟಗಿದ್ದರೆ ಸಾಕು. ಬಲಗೈಯ ನಡುವಿನ ಮೂರು ಬೆರಳಿಂದ ಹಣೆಗೆ ವಿಭೂತಿ ಧರಿಸಿ. ಲಿಂಗವನ್ನು ಎಡ ಅಂಗೈಯಲ್ಲಿಟ್ಟು ನೀರು, ವಿಭೂತಿ, ಒಂದು ಪತ್ರಿ ಅರ್ಪಿಸಿ. ಪತ್ರಿ ಸಿಗದ ದಿನ ಪೂಜೆ ಬಿಡಬೇಡಿ. ಇಷ್ಟಕ್ಕೆಲ್ಲ ಐದು ನಿಮಿಷ. ಬಹಳ ಜನ ಇಲ್ಲಿಗೇ ಮುಗಿಯಿತು ಎಂದು ಎದ್ದುಬಿಡುತ್ತಾರೆ, ನಿಜವಾದ ಕೆಲಸ ಶುರುವಾಗುವುದೇ ಇದಾದ ಮೇಲೆ.

ಪತ್ರಿ ತೆಗೆದು, ಲಿಂಗ ಒರೆಸಿ, ಅಂಗೈಯನ್ನು ಎದೆಗಿಂತ ಸ್ವಲ್ಪ ಮೇಲಕ್ಕೆ ಎತ್ತಿ. ಕಣ್ಣಿಂದ ಒಂದು ಗೇಣಿಗಿಂತ ತುಸು ದೂರವಿರಲಿ. ಎಣ್ಣೆ ದೀಪ ಬಲಕ್ಕೆ, ಒಂಚೂರು ಹಿಂದೆ, ಭುಜದ ಎತ್ತರದ ಸ್ಟೂಲಿನ ಮೇಲಿರಲಿ (ಸೆರಗು, ಬಿಚ್ಚಿದ ಕೂದಲು ಜೋಪಾನ). ಆಗ ಲಿಂಗದ ನುಣುಪಾದ ಮೈಮೇಲೆ ಸಾಸಿವೆ ಕಾಳಿನಷ್ಟು ಬೆಳಕಿನ ಚುಕ್ಕೆಯೊಂದು ಮೂಡುತ್ತದೆ. ಅಂಗೈಯನ್ನು ಅತ್ತಿತ್ತ ಕೂದಲೆಳೆಯಷ್ಟು ವಾಲಿಸಿದರೆ ಆ ಚುಕ್ಕೆ ನಡುವಿಗೆ ಬಂದು ನಿಲ್ಲುತ್ತದೆ. ಟ್ಯೂಬ್‌ಲೈಟ್ ಹಚ್ಚಿದ್ದರೆ ಚುಕ್ಕೆಯ ಬದಲು ಉದ್ದನೆಯ ಗೆರೆ ಬೀಳುತ್ತದೆ, ನೋಟ ಅದರ ಮೇಲೆ ಓಡಾಡತೊಡಗುತ್ತದೆ. ಹಾಗಾಗಿ ಲೈಟು ಆರಿಸಿ. ಫ್ಯಾನನ್ನೂ ಆರಿಸಿ, ಜ್ವಾಲೆ ಅಲುಗಿದರೆ ಚುಕ್ಕೆಯೂ ಅಲುಗುತ್ತದೆ.

ನೋಟ ಆ ಚುಕ್ಕೆಯಲ್ಲಿ, ಮಂತ್ರ ಉಸಿರಿನಲ್ಲಿ. ಒಳಗೆಳೆಯುವಾಗ ‘ಓಂ ನಮಃ’, ಬಿಡುವಾಗ ‘ಶಿವಾಯ’, ತುಟಿ ಅಲುಗದಂತೆ. ಮೊದಲ ವಾರ ಐದು ನಿಮಿಷ. ಆಮೇಲೆ ವಾರಕ್ಕೆ ಎರಡು ನಿಮಿಷದಂತೆ ಏರಿಸಿ ಹದಿನೈದಕ್ಕೆ ನಿಲ್ಲಿಸಿ. ಮುಗಿದ ಮೇಲೆ ಕಣ್ಣು ಮುಚ್ಚಿ, ಅದೇ ಚುಕ್ಕೆಯನ್ನು ಒಳಗೆ ಒಂದೆರಡು ನಿಮಿಷ ನೋಡಿ. ಕಂಡರೆ ಸರಿ, ಕಾಣದಿದ್ದರೆ ಅದೂ ಸರಿ.

ಎಲ್ಲಿ ಎಡವುತ್ತಾರೆ?

ರೆಪ್ಪೆ ಹೊಡೆಯಬಾರದು ಎಂಬ ಹಠವೇ ಮೊದಲ ಎಡವು. ಕಣ್ಣು ಉರಿದು ನೀರು ಸುರಿಯುತ್ತದೆ, ಅದನ್ನು ಭಕ್ತಿಯ ಕಣ್ಣೀರು ಎಂದುಕೊಳ್ಳುವವರೂ ಇದ್ದಾರೆ. ಉರಿದಾಗ ಕಣ್ಣು ಮಿಟುಕಿಸಿ ಮುಂದುವರಿಸಿ. ನಲವತ್ತು ದಾಟಿದವರಿಗೆ ಗೇಣು ದೂರದಲ್ಲಿ ಲಿಂಗ ಮಸುಕಾಗಿ ಕಂಡರೆ ಅದು ಮನಸ್ಸಿನ ದೋಷವಲ್ಲ, ಓದುವ ಕನ್ನಡಕ ಹಾಕಿಕೊಂಡರೆ ಸರಿಹೋಗುತ್ತದೆ. ಗ್ಲಾಕೋಮಾ ಇದ್ದವರು, ಹೊಸದಾಗಿ ಪೊರೆ ತೆಗೆಸಿಕೊಂಡವರು ಕಣ್ಣಿನ ಡಾಕ್ಟರನ್ನು ಕೇಳಿ, ಅಲ್ಲಿಯವರೆಗೆ ಕಣ್ಣು ಮುಚ್ಚಿ ಜಪವಷ್ಟೇ ಸಾಕು. ಎಡಗೈ ಸೋತರೆ ಬಲ ಅಂಗೈಯನ್ನು ಅದರಡಿ ಕೊಡಿ.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೋ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲೋ ರಾತ್ರಿ ಪಾಳಿ ಮುಗಿಸಿ ಬಂದವರು ನಸುಕಿನಲ್ಲೇ ಕೂರಬೇಕೆಂದು ಹಟ ಹಿಡಿದರೆ ಲಿಂಗ ಕೈಯಿಂದ ಜಾರುತ್ತದೆ. ನಿದ್ದೆ ಮುಗಿಸಿ, ಮಧ್ಯಾಹ್ನ ಎದ್ದು ಸ್ನಾನ ಮಾಡಿ ಕೂರಿ. ಇನ್ನು ಹೆಣ್ಣುಮಕ್ಕಳು ತಿಂಗಳ ಆ ದಿನಗಳಲ್ಲಿ ಲಿಂಗ ಬಿಚ್ಚಿಡುವುದು ಹಲವು ಮನೆಗಳಲ್ಲಿ ನಡೆದುಕೊಂಡು ಬಂದಿದೆ. ಶರಣರ ಮಾರ್ಗದಲ್ಲಿ ಲಿಂಗವಂತರಿಗೆ ಸೂತಕವೇ ಇಲ್ಲ. ಆ ಐದು ದಿನ ದೂರ ಇಡಿಸುವುದು ಸಂಕೋಚವೇ ಹೊರತು ಶಾಸ್ತ್ರವಲ್ಲ.

ಇನ್ನೊಂದು ದೂರು ಎಲ್ಲರದ್ದೂ: ‘ಕುಳಿತ ಕೂಡಲೇ ನೂರೆಂಟು ವಿಚಾರ ಬರುತ್ತವೆ.’ ಬರಲಿ. ಯೋಚನೆ ಓಡಿತೆಂದು ತಿಳಿದ ಗಳಿಗೆಯಲ್ಲಿ ನೋಟವನ್ನು ಚುಕ್ಕೆಗೆ ತರುವುದೇ ಅಭ್ಯಾಸ. ಹದಿನೈದು ನಿಮಿಷದಲ್ಲಿ ಐವತ್ತು ಸಲ ತಂದರೆ ಐವತ್ತು ಸಲ ಅಭ್ಯಾಸವಾಯಿತು. ಖಾಲಿ ಮನಸ್ಸಿಗೆ ಕಾದು ಕೂತವರು ಎರಡು ವಾರದಲ್ಲಿ ಬಿಟ್ಟುಬಿಡುತ್ತಾರೆ.

ಹಗಲಿಡೀ ಜೊತೆ

ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಬಸವಣ್ಣನ ಕಲ್ಯಾಣಕ್ಕೆ ಹೋದ, ಚೆಲ್ಲಿದ ಅಕ್ಕಿ ಆಯುವುದನ್ನೇ ಕಾಯಕ ಮಾಡಿಕೊಂಡ ಶರಣ ಆಯ್ದಕ್ಕಿ ಮಾರಯ್ಯ, ಕಾಯಕದಲ್ಲಿ ಮುಳುಗಿದಾಗ ಲಿಂಗಪೂಜೆಯನ್ನಾದರೂ ಮರೆಯಬೇಕು ಎಂದವನು. ಪೂಜೆಗೆ ರಜೆ ಕೊಡಲು ಈ ಮಾತನ್ನು ಬಳಸುವವರೂ ಉಂಟು, ಇರಲಿ. ಕೆಲಸದ ನಡುವೆ ಪದೇಪದೇ ಕಣ್ಣು ಮುಚ್ಚುವ ಅಗತ್ಯವಿಲ್ಲ ಎಂಬಷ್ಟು ನಮಗೆ ಸಾಕು. ಲಿಂಗ ಎದೆಗೆ ತಾಕುತ್ತಲೇ ಇದೆ. ದಿನಕ್ಕೆ ಮೂರು ಜಾಗ ಮಾತ್ರ ಗೊತ್ತು ಮಾಡಿಕೊಳ್ಳಿ: ಬೈಕಿನ ಕೀಲಿ ತಿರುಗಿಸುವ ಮೊದಲು, ಊಟದ ತುತ್ತಿಗೆ ಮೊದಲು, ಎದೆ ಧಸಕ್ಕೆನ್ನುವಂಥ ಫೋನು ಬಂದಾಗ. ಬಲಗೈಯನ್ನು ಅಂಗಿಯ ಮೇಲಿಂದಲೇ ಲಿಂಗದ ಮೇಲಿಟ್ಟು ಮೂರು ಉಸಿರು, ಮೂರು ಮಂತ್ರ, ಆಮೇಲೆ ಕೆಲಸ. ಹತ್ತು ಜಾಗ ಗೊತ್ತು ಮಾಡಿಕೊಂಡರೆ ಒಂದೂ ನೆನಪಾಗುವುದಿಲ್ಲ.

ಸಂಜೆ ಇನ್ನೊಮ್ಮೆ ಕೂರುವ ಹೊತ್ತು ಚಿಂತೆಗೆ ಮೀಸಲು. ಲಿಂಗ ಅಂಗೈಗೆ ತೆಗೆದುಕೊಳ್ಳುವ ಮೊದಲು ಒಂದು ಹಾಳೆಯಲ್ಲಿ ಅವತ್ತು ಕಾಡಿದ ಒಂದೇ ಒಂದು ಚಿಂತೆ ಬರೆಯಿರಿ. ಕೆಳಗೆ ಎರಡು ಸಾಲು: ನಾಳೆ ನಾನು ಮಾಡಬೇಕಾದ್ದು, ನನ್ನ ಕೈಯಲ್ಲಿಲ್ಲದ್ದು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದ ವಾರ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಭತ್ತದವರಿಗೆ ನಿದ್ದೆ ಇರಲಿಲ್ಲ. ಅಂಥ ದಿನ ಮೊದಲ ಸಾಲಿಗೆ ‘ಸೊಸೈಟಿಗೆ ಹೋಗಿ ಬೆಳೆ ವಿಮೆ ವಿಚಾರಿಸುವುದು’ ಎಂದು ಬರುತ್ತದೆ, ಎರಡನೆಯದಕ್ಕೆ ‘ಗೇಟು’. ಎರಡನೇ ಸಾಲನ್ನು ಒಮ್ಮೆ ಮೆಲ್ಲಗೆ ಓದಿ, ಹಾಳೆ ಮಡಚಿ ಪಕ್ಕಕ್ಕಿಟ್ಟು, ನಂತರ ನೋಟಕ್ಕೆ ಕೂರಿ. ಅದನ್ನು ದೇವರಿಗೆ ಒಪ್ಪಿಸಿದರೆ ಗೇಟು ತಾನಾಗಿ ಕೂರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನೀರು ಬಂದರೂ ಬಾರದಿದ್ದರೂ ಅವನು ಜೊತೆಗಿದ್ದಾನೆ ಎಂಬುದಷ್ಟೇ ಇಲ್ಲಿನ ನಂಬಿಕೆ. ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ವಾಪಸ್ ಸುರಿದು ಬಾ ಎಂದು ಕಳಿಸಿದಳಂತೆ. ನಾಳೆಯ ಅಕ್ಕಿಯನ್ನು ಇವತ್ತೇ ಕೂಡಿಡದಿರುವ ಆ ಗಟ್ಟಿತನ ನಮಗೆ ಒಮ್ಮೆಲೇ ಬರುವುದಿಲ್ಲ, ಹಾಳೆಯ ಎರಡನೇ ಸಾಲಿಂದ ಶುರು ಮಾಡಬಹುದು.

ಆದರೆ ಎರಡು ವಾರವಾದರೂ ನಿದ್ದೆ ಹತ್ತದಿದ್ದರೆ, ಸಾಲ-ಸೋಲಿನಿಂದ ಬದುಕೇ ಬೇಡ ಅನ್ನಿಸಿದರೆ, ಪೂಜೆಯ ಹೊತ್ತು ಹೆಚ್ಚಿಸುತ್ತ ಕೂರಬೇಡಿ. ಅಂಥ ಯೋಚನೆ ಬಂದ ದಿನವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ. ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಬಿಚ್ಚಿಡಬೇಕಾದಾಗ

ಎಂಆರ್‌ಐ, ಆಪರೇಷನ್ ಎಂದಾಗ ಲೋಹದ ಕರಡಿಗೆ ತೆಗೆಯಲೇಬೇಕು. ಹಿರಿಯರು ಹೆದರುವುದು ಇಲ್ಲೇ: ಲಿಂಗ ಅಗಲಿದರೆ ಪ್ರಾಣವೇ ಅಗಲಿದಂತೆ ಎಂದು ಕೇಳುತ್ತ ಬೆಳೆದವರು ಅವರು. ಸ್ಟ್ರೆಚರ್ ಹತ್ತಿಸುವ ಹೊತ್ತಿಗೆ ಜಗಳವಾಗದಂತೆ ಹಿಂದಿನ ದಿನವೇ ಮಾತಾಡಿ. ಅಂಗೈಯ ಲಿಂಗ ಒಳಗಿನ ಪ್ರಾಣಲಿಂಗಕ್ಕೆ ಕುರುಹು, ಕುರುಹು ಹೊರಗಿದ್ದರೂ ಅದು ತೋರಿಸುವಾತ ಒಳಗೇ ಇರುತ್ತಾನೆ ಎಂದು ಗುರುಗಳಿಂದಲೇ ಹೇಳಿಸಿದರೆ ಇನ್ನೂ ಒಳ್ಳೆಯದು. ಕರಡಿಗೆಯನ್ನು ನರ್ಸಿನ ಟ್ರೇಗೆ ಹಾಕದೆ ಮನೆಯವರೊಬ್ಬರು ಕೊರಳಿಗೆ ಹಾಕಿಕೊಳ್ಳದೇ ವಸ್ತ್ರದಲ್ಲಿ ಸುತ್ತಿ ಕೈಯಲ್ಲಿ ಹಿಡಿದಿರಲಿ. ರೋಗಿ ಒಳಗೆ ಉಸಿರಿನ ಜೊತೆ ಮಂತ್ರ ನಡೆಸಲಿ. ಇಷ್ಟು ದಿನದ ಬೆಳಗಿನ ರೂಢಿ ಕೆಲಸಕ್ಕೆ ಬರುವುದೇ ಆಗ.

ಕಾಲುವೆಯಲ್ಲಿ ಈಜುವಾಗಲೋ ಜಾತ್ರೆಯ ನೂಕುನುಗ್ಗಲಲ್ಲೋ ದಾರ ಹರಿದು ಲಿಂಗ ಕಳೆದರೆ ಅಪಶಕುನದ ಕಥೆ ಹೇಳುವವರು ನಾಲ್ಕು ಜನ ಸಿಗುತ್ತಾರೆ. ಅವರನ್ನು ದಾಟಿ ನೇರ ಗುರುಗಳ ಹತ್ತಿರ ಹೋಗಿ ಬೇರೆ ಲಿಂಗ ಪಡೆಯಿರಿ. ಅಲ್ಲಿಯವರೆಗೆ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಕುಳಿತು ಜಪ ಮುಂದುವರಿಸಿ. ಹೊಸದಕ್ಕೆ ದಾರ ಮಾತ್ರ ಹಳೆಯದಕ್ಕಿಂತ ದಪ್ಪದ್ದು ಹಾಕಿಸಿ.